ಮಿಡ್‌ಟೌನಿನಲ್ಲಿ ಮಧ್ಯಾಹ್ನದ ಊಟ: ಹೊಸದಾಗಿ ಬಂದ ಕನ್ನಡಿಗರಿಗೆ

ಮ್ಯಾನ್‌ಹ್ಯಾಟನ್ನಿನಲ್ಲಿ ಕೆಲಸ, ನ್ಯೂಜೆರ್ಸಿಯಲ್ಲಿ ಮನೆ ಎಂದು ಬರುವ ನಮ್ಮವರು ಪ್ರತಿ ವರ್ಷ ಸಿಗುತ್ತಲೇ ಇರುತ್ತಾರೆ. ಮನೆಗೆ ಊಟಕ್ಕೆ ಕರೆದರೆ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಸೋಶಿಯಲ್ ಸೆಕ್ಯೂರಿಟಿ ನಂಬರು, ಬ್ಯಾಂಕ್ ಖಾತೆ, ಮನೆಯ ಲೀಸು, ಡ್ರೈವಿಂಗ್ ಲೈಸೆನ್ಸು. ಅವಕ್ಕೆಲ್ಲ ಸರ್ಕಾರಿ ವೆಬ್‌ಸೈಟುಗಳಿವೆ, ಕಂಪನಿಯ ಎಚ್‌ಆರ್‌ನವರಿದ್ದಾರೆ. ಪಾಸ್‌ಪೋರ್ಟು, ಐ-94 (ದೇಶದೊಳಗೆ ಬಂದ ದಾಖಲೆ), ಆಫರ್ ಲೆಟರು ಮೊದಲಾದ ಕಾಗದಪತ್ರ ಹೊಂದಿಸಿಕೊಂಡು ಅವರು ಹೇಳಿದಂತೆ ಮಾಡಿದರೆ ಮುಗಿಯುವ ಕೆಲಸ. ಯಾರೂ ಕೇಳದ, ಆದರೆ ವಾರಕ್ಕೆ ಐದು ದಿನ ಎದುರಾಗುವ ವಿಷಯ ಇನ್ನೊಂದಿದೆ. ಮಧ್ಯಾಹ್ನ ಏನು ತಿನ್ನುವುದು, ಎಲ್ಲಿ ತಿನ್ನುವುದು, ಯಾರ ಜೊತೆ ತಿನ್ನುವುದು. ಅದನ್ನು ಹೇಳಿಕೊಡಲು ಯಾವ ವೆಬ್‌ಸೈಟೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮ್ಯಾನ್‌ಹ್ಯಾಟನ್ನಿನ ನಡುಭಾಗವಾದ ಮಿಡ್‌ಟೌನಿನ ಆಫೀಸು ಕಟ್ಟಡಗಳ ಬುಡದಲ್ಲೋ ಅಡ್ಡಬೀದಿಯಲ್ಲೋ ಒಂದು ಅಂಗಡಿ ಹುಡುಕಿಕೊಳ್ಳಿ. ಬೋರ್ಡಿನ ಮೇಲೆ ಡೆಲಿ ಎಂದೋ ಕೆಫೆ ಎಂದೋ ಇರುತ್ತದೆ. ಒಳಗೆ ಒಂದು ಗೋಡೆಯ ಉದ್ದಕ್ಕೂ ಸ್ಯಾಂಡ್‌ವಿಚ್ ಕೌಂಟರು: ಗಾಜಿನ ಹಿಂದೆ ಟರ್ಕಿ ಕೋಳಿ, ಹಂದಿಯ ಹ್ಯಾಮ್, ರೋಸ್ಟ್ ಬೀಫ್, ಪಸ್ತ್ರಾಮಿ, ಚೀಸಿನ ದಪ್ಪ ದಪ್ಪ ಗಡ್ಡೆಗಳು, ಅವನ್ನು ಹಾಳೆಯಷ್ಟು ತೆಳ್ಳಗೆ ಕೊಯ್ಯುವ ಮಷೀನು. ನಡುವೆ ತೂಕದ ಲೆಕ್ಕದಲ್ಲಿ ಮಾರುವ ಬಿಸಿ ಮತ್ತು ತಣ್ಣಗಿನ ತಿನಿಸುಗಳ ಸಾಲು. ಇನ್ನೊಂದು ಮೂಲೆಯಲ್ಲಿ ಅನ್ನದ ದೊಡ್ಡ ಕುಕ್ಕರು, ಕಾವಲಿ, ಕೆಂಪು ಗೊಚುಜಾಂಗ್ ಸಾಸು ತುಂಬಿದ ಬಾಟಲಿಗಳು, ಮೇಲೆ ಬಿಬಿಂಬಾಪ್, ಬುಲ್ಗೋಗಿ, ಕಿಮ್ಚಿ ಫ್ರೈಡ್ ರೈಸಿನಂಥ ಕೊರಿಯನ್ ತಿನಿಸುಗಳ ಫೋಟೋಗಳು. ಗಲ್ಲಾದಲ್ಲಿ ವಯಸ್ಸಾದ ಕೊರಿಯನ್ ಹೆಂಗಸು, ಕೆಲವು ಕಡೆ ಗಂಡ ಹೆಂಡತಿ ಇಬ್ಬರೂ. ಸ್ಯಾಂಡ್‌ವಿಚ್ ಕಟ್ಟುವ ಹುಡುಗರು ಮೆಕ್ಸಿಕೋದವರು, ಕೇಳಿದರೆ ಪ್ವೆಬ್ಲಾ ಕಡೆಯವರು ಎನ್ನುತ್ತಾರೆ. ಪಸ್ತ್ರಾಮಿ, ರೈ ಬ್ರೆಡ್ಡು ಪೂರ್ವ ಯುರೋಪಿನ ಯಹೂದಿಗಳ ಜೊತೆ ಈ ಊರಿಗೆ ಬಂದವು. ನ್ಯೂಯಾರ್ಕಿನಲ್ಲಿ ಇಂಥ ಅಂಗಡಿ ಹೊಸದೇನಲ್ಲ, ಇದೇ ಇಲ್ಲಿಯ ಸಾಮಾನ್ಯ ಊಟದ ಮನೆ.

ನಮ್ಮವರು ಈ ಅಂಗಡಿಯ ಬಾಗಿಲು ದಾಟುವುದಕ್ಕೆ ತಿಂಗಳುಗಟ್ಟಲೆ ಹಿಂದೇಟು ಹಾಕುತ್ತಾರೆ. ಬೆಳಿಗ್ಗೆ ಐದಕ್ಕೆದ್ದು ಚಿತ್ರಾನ್ನವೋ ಚಪಾತಿ ಪಲ್ಯವೋ ಕಟ್ಟಿಕೊಂಡು ಬರುತ್ತಾರೆ. ಬರಲಿ, ಬುತ್ತಿ ಕಟ್ಟುವುದು ನಮ್ಮ ರಕ್ತದಲ್ಲೇ ಇದೆ. ಸಂಕಟ ಶುರುವಾಗುವುದು ಅದಾದ ಮೇಲೆ. ಒಗ್ಗರಣೆಯ ವಾಸನೆ ಬಂದೀತು ಎಂದು ಮೈಕ್ರೋವೇವಿನಲ್ಲಿ ಬಿಸಿ ಮಾಡದೆ, ತಣ್ಣಗಿನ ಅನ್ನವನ್ನು ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಐದು ನಿಮಿಷದಲ್ಲಿ ನುಂಗಿ ಮುಗಿಸುತ್ತಾರೆ. ಜೊತೆಯವರು ಕೆಳಗೆ ಹೋಗೋಣ ಬಾ ಎಂದರೆ 'ನಂದಾಯ್ತು' ಎನ್ನುತ್ತಾರೆ. ಮೂರು ಸಲ ಕರೆದು ಬಾರದವರನ್ನು ನಾಲ್ಕನೇ ಸಲ ಯಾರೂ ಕರೆಯುವುದಿಲ್ಲ. ಆಮೇಲೆ ವರ್ಷದ ಕೊನೆಗೆ, ಈ ದೇಶದವರು ನಮ್ಮನ್ನು ಹತ್ತಿರ ಸೇರಿಸುವುದಿಲ್ಲ ಎಂದು ನಮ್ಮನೆ ಸೋಫಾದ ಮೇಲೆ ಕೂತು ನೊಂದುಕೊಳ್ಳುತ್ತಾರೆ. ಎಷ್ಟು ಜನ ಹುಡುಗ ಹುಡುಗಿಯರ ಬಾಯಲ್ಲಿ ಈ ಮಾತು ಕೇಳಿದ್ದೇನೋ! ಕೇಳಿದಾಗಲೆಲ್ಲ ಕರುಳು ಚುರುಕ್ಕೆನ್ನುತ್ತದೆ. ಡಬ್ಬಿಯನ್ನು ಬಿಡಬೇಡಿ, ಆದರೆ ಅದರ ಹಿಂದೆ ಅಡಗಿಕೊಳ್ಳಬೇಡಿ. ಕೊರೋನಾ ನಂತರ ಬಹಳಷ್ಟು ಆಫೀಸುಗಳು ತುಂಬುವುದು ಮಂಗಳವಾರದಿಂದ ಗುರುವಾರದವರೆಗೆ ಮಾತ್ರ. ಆ ಮೂರರಲ್ಲಿ ಒಂದೆರಡು ದಿನವಾದರೂ ಡಬ್ಬಿಯಿಲ್ಲದೆ ಹೋಗಿ, ಕರೆದವರ ಜೊತೆ ಎದ್ದು ಬನ್ನಿ.

'ಅಲ್ಲಿ ನಮಗೆ ತಿನ್ನಲು ಏನಿರುತ್ತೆ?' ಎನ್ನುವುದು ಮುಂದಿನ ಮಾತು. ಇದಕ್ಕೆ ಉತ್ತರ ದೊಡ್ಡದಿದೆ, ನಿಧಾನಕ್ಕೆ ಹೇಳುತ್ತೇನೆ. ನಮ್ಮಲ್ಲಿ ಶುದ್ಧ ಸಸ್ಯಾಹಾರಿಗಳಿದ್ದಾರೆ, ಮೊಟ್ಟೆಯವರೆಗೆ ಪರವಾಗಿಲ್ಲ ಎನ್ನುವವರಿದ್ದಾರೆ, ಕೋಳಿ ಮೀನು ಸರಿ, ದನದ್ದು ಹಂದಿಯದ್ದು ಬೇಡ ಎನ್ನುವವರಿದ್ದಾರೆ, ಹಲಾಲ್ ನೋಡುವವರಿದ್ದಾರೆ, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರಿದ್ದಾರೆ. ಎಲ್ಲರಿಗೂ ಮೊದಲು ಹೇಳಬೇಕಾದದ್ದು ಒಂದೇ: ಬಾಯಿಬಿಟ್ಟು ಕೇಳಿ. ಈ ಊರಿನಲ್ಲಿ ಊಟದ ವಿಷಯದಲ್ಲಿ ನೇಮ ಇಟ್ಟುಕೊಂಡು ಬಂದ ಮೊದಲಿಗರು ನಾವಲ್ಲ. ಯಹೂದಿಗಳು ಮಾಂಸದ ಜೊತೆ ಹಾಲು ಬೆರೆಸದ ತಮ್ಮ ಕೋಶರ್ ನಿಯಮವನ್ನು ಇಲ್ಲಿಗೆ ತಂದು, ಅದರ ಮೇಲೆಯೇ ಡೆಲಿಗಳನ್ನು ಕಟ್ಟಿದರು. ಕೌಂಟರಿನ ಆಚೆ ನಿಂತವರಿಗೆ 'ಇದರಲ್ಲಿ ಏನೇನು ಹಾಕಿದ್ದೀರಿ' ಎಂಬ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತದೆ. ಅವರಿಗೆ ಅದರಿಂದ ಬೇಸರವಿಲ್ಲ. ಬೇಸರವಾಗುವುದು ಸರದಿ ಬಂದ ಮೇಲೆ ನಿಂತು ಯೋಚಿಸುವವರನ್ನು ಕಂಡಾಗ.

ಹಾಗಾಗಿ ಸ್ಯಾಂಡ್‌ವಿಚ್ ಹೇಳುವ ಕ್ರಮವನ್ನು ಸಾಲಿನಲ್ಲಿ ನಿಂತಾಗಲೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಳ್ಳಿ. ಮೊದಲು ಬ್ರೆಡ್ಡು: ರೈ, ಹೋಲ್ ವೀಟ್, ರೋಲ್, ರ‍್ಯಾಪ್, ಹೀರೋ. ಹೀರೋ ಎಂದರೆ ಉದ್ದನೆಯದು, ಫಿಲಡೆಲ್ಫಿಯಾದಲ್ಲಿ ಅದರ ಹೆಸರೇ 'ಹೋಗಿ' (hoagie). ಆಮೇಲೆ ಒಳಗೆ ಏನು, ಯಾವ ಚೀಸು, ಯಾವ ತರಕಾರಿ, ಹಚ್ಚುವುದೇನು, ಬಿಸಿ ಮಾಡಬೇಕೋ ಬೇಡವೋ, ಇಲ್ಲೇ ತಿನ್ನುವುದೋ ಕಟ್ಟಿಸಿಕೊಳ್ಳುವುದೋ. ಒಂದೇ ಉಸಿರಿಗೆ ಹೇಳಿದರೆ ಕೈ ಅಷ್ಟೇ ವೇಗವಾಗಿ ಓಡುತ್ತದೆ. ನೋಡಲು ಚೆಂದ ಆ ಕೆಲಸ. ಎಡಗೈ ರೋಲನ್ನು ಒತ್ತಿ ಹಿಡಿದಿರುತ್ತದೆ, ಚಾಕು ಅಂಚಿನವರೆಗೆ ಹೋಗಿ ನಿಲ್ಲುತ್ತದೆ, ಚೀಸಿನ ಹಾಳೆ ಮಡಚಿ ಕೂರುತ್ತದೆ, ಲೆಟಿಸು, ಟೊಮೇಟೊ, ಮೇಲೆ ಮೆಣಸಿನ ಪುಡಿ. ಬಿಳಿ ಕಾಗದದಲ್ಲಿ ಸುತ್ತಿ, ಕಾಗದ ಸಮೇತ ಒಂದೇ ಏಟಿಗೆ ಎರಡು ಹೋಳು ಮಾಡಿ, ಮೇಲೆ ಪೆನ್ನಿನಿಂದ ಗುರುತು ಹಾಕಿ ತಳ್ಳಿಬಿಡುತ್ತಾರೆ.

ಸಸ್ಯಾಹಾರಿಗಳು ಇಲ್ಲಿ ಗಮನಿಸಬೇಕಾದದ್ದಿದೆ. ಅದೇ ಕೈಗವಸಿನಲ್ಲಿ ಆಗಷ್ಟೇ ಹ್ಯಾಮ್ ಮುಟ್ಟಿರುತ್ತಾರೆ. 'ಗ್ಲೋವ್ಸ್ ಬದಲಿಸುತ್ತೀರಾ, ಪ್ಲೀಸ್' ಎನ್ನಿ, ಬದಲಿಸುತ್ತಾರೆ. ಚೀಸು ಕೊಯ್ಯುವ ಮಷೀನು ಹಲವು ಕಡೆ ಮಾಂಸ ಕೊಯ್ಯುವುದೂ ಹೌದು. ಗ್ರಿಲ್ಡ್ ಚೀಸ್ ಬೇಯುವ ಕಾವಲಿಯ ಮೇಲೆ ಬೆಳಿಗ್ಗೆಯಿಂದ ಬೇಕನ್ನಿನ ಕೊಬ್ಬು ಹರಿದಿರುತ್ತದೆ. ಕಾವಲಿ ಬೇಡ, ಟೋಸ್ಟರಿನಲ್ಲಿ ಬಿಸಿ ಮಾಡಿಕೊಡಿ ಎನ್ನಬಹುದು. ಮೇಯೊನೀಸಿನಲ್ಲಿ ಮೊಟ್ಟೆ ಇರುತ್ತದೆ. ಸೀಸರ್ ಡ್ರೆಸಿಂಗಿನಲ್ಲಿ ಆಂಚೊವಿ ಎಂಬ ಸಣ್ಣ ಮೀನು ಇರುತ್ತದೆ. ತರಕಾರಿ ಸೂಪು ಎಂದು ಬರೆದದ್ದನ್ನು ಕೋಳಿಯ ಸಾರಿನಲ್ಲಿ ಮಾಡಿರಬಹುದು, ನಮ್ಮವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಚೀಸುಗಳಲ್ಲಿ ಕೆಲವನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ ಹೆಪ್ಪುಗಟ್ಟಿಸುತ್ತಾರೆ. ಅದನ್ನೂ ನೋಡುವವರು ಚೀಸು ಬಿಟ್ಟು ಹಮ್ಮಸ್ ಎಂಬ ಕಾಬೂಲಿ ಕಡಲೆಯ ಚಟ್ನಿ ಹಾಕಿಸಿಕೊಳ್ಳುವುದು ನೇರ ದಾರಿ. ಮಾಂಸ ತಿನ್ನುವವರಿಗೆ ಇಷ್ಟು ನೆನಪಿರಲಿ: ಪಸ್ತ್ರಾಮಿ, ಕಾರ್ನ್ಡ್ ಬೀಫ್ ಎರಡೂ ದನದ್ದು. ರೂಬೆನ್ ಎಂಬ ಹೆಸರಿನ ಸ್ಯಾಂಡ್‌ವಿಚ್ಚಿನಲ್ಲಿ ಇರುವುದು ಅದೇ ಕಾರ್ನ್ಡ್ ಬೀಫು, ಹೆಸರು ನೋಡಿ ತಿಳಿಯುವುದಿಲ್ಲ. ಬಿಎಲ್‌ಟಿ (ಬೇಕನ್, ಲೆಟಿಸು, ಟೊಮೇಟೊ) ಸ್ಯಾಂಡ್‌ವಿಚ್ಚಿನ ಮೊದಲ ಅಕ್ಷರ ಬೇಕನ್ನು, ಅಂದರೆ ಹಂದಿ. ಹಲಾಲ್ ಬೇಕಾದವರು ಹೊರಗೆ ಫುಟ್‌ಪಾತಿನ ಮೇಲಿರುವ ಹಲಾಲ್ ಗಾಡಿಯಿಂದ ಕೋಳಿ ಅನ್ನ ಕಟ್ಟಿಸಿಕೊಂಡು ಬಂದು, ಜೊತೆಯವರು ಹೊರಗಿನ ಬೆಂಚಿನಲ್ಲಿ ಕೂತರೆ ಅಲ್ಲಿ ಸೇರಿಕೊಳ್ಳಬಹುದು.

ತೂಕದ ಸಾಲಿನ ಲೆಕ್ಕ ಪೌಂಡಿನದು, ಸುಮಾರು 454 ಗ್ರಾಮು. ಹೆಚ್ಚಿದ ಕಲ್ಲಂಗಡಿ, ಆಲೂಗಡ್ಡೆ ತುಂಬಿಸಿದರೆ ಡಬ್ಬಿ ಭಾರವಾಗಿ ಬಿಲ್ಲು ಏರುತ್ತದೆ. ಸೊಪ್ಪು, ಬೇಯಿಸಿದ ಬ್ರಾಕಲಿ, ತೋಫು ತೆಗೆದುಕೊಳ್ಳಿ. ಒಂದು ತಟ್ಟೆಯ ಚಿಮಟ ಇನ್ನೊಂದಕ್ಕೆ ಹೋಗಿರುತ್ತದೆ, ಅದು ಸರಿಹೋಗದವರು ಈ ಸಾಲಿಗೆ ಬರಬೇಡಿ. ನ್ಯೂಯಾರ್ಕ್ ನಗರದಲ್ಲಿ ಇದಕ್ಕೆಲ್ಲ 8.875% ಮಾರಾಟ ತೆರಿಗೆ ಸೇರುತ್ತದೆ. ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡನ್ನು ಇಡಿಯಾಗಿ ಕಟ್ಟಿಸಿಕೊಂಡು ಹೋದರೆ ತೆರಿಗೆಯಿಲ್ಲ, ಕೊಯ್ದು ಕೊಟ್ಟರೆ ಇದೆ. ಗಲ್ಲಾದ ಪರದೆಯ ಮೇಲೆ ಟಿಪ್ಪು ಕೇಳಿದರೆ ಕೊಡಲೇಬೇಕೆಂದಿಲ್ಲ. ಕೂತು ಬಡಿಸಿಕೊಳ್ಳುವ ಹೋಟೆಲಿನಲ್ಲಿ ಮಾತ್ರ 18ರಿಂದ 20% ಕೊಡುವುದು ಇಲ್ಲಿಯ ರೂಢಿ, ಬಡಿಸುವವರ ಸಂಸಾರ ನಡೆಯುವುದೇ ಅದರಿಂದ.

ಈಗ ಕೊರಿಯನ್ ಮೂಲೆಗೆ ಬನ್ನಿ. ತಣ್ಣಗಿನ ಬ್ರೆಡ್ಡನ್ನು ಊಟ ಎಂದು ಒಪ್ಪದ ಹೊಟ್ಟೆಗಳಿಗೆ ಬಿಸಿ ಅನ್ನ ಸಿಗುವ ಜಾಗ ಇದು. ಬಿಬಿಂಬಾಪಿನಿಂದ ಶುರುಮಾಡಿ. ಬಟ್ಟಲಿನ ತಳಕ್ಕೆ ಅನ್ನ, ಮೇಲೆ ಬೇರೆ ಬೇರೆ ಗುಂಪಾಗಿ ಬೇಯಿಸಿದ ಪಾಲಕ್, ಸೋಯಾ ಮೊಳಕೆ, ಕ್ಯಾರೆಟ್ಟು, ಝುಕಿನಿ, ಅಣಬೆ, ಮೂಲಂಗಿ. ನಡುವೆ ಬೀಫು, ಅದರ ಮೇಲೆ ಅರೆಬೆಂದ ಮೊಟ್ಟೆ. ಬೀಫು ಬೇಡ, ಮೊಟ್ಟೆ ಬೇಡ, ಬದಲಿಗೆ ತೋಫು ಎನ್ನಿ. ಗೊಚುಜಾಂಗ್ ಹಾಕುವ ಕೈಯನ್ನು ನೋಡುತ್ತಿರಿ: ಮೆಣಸಿನ ಪುಡಿ, ಅಕ್ಕಿ, ಹುದುಗಿಸಿದ ಸೋಯಾ, ಉಪ್ಪು ಸೇರಿಸಿ ಮಾಡುವ ಕೆಂಪು ಗೊಜ್ಜು ಅದು, ಸಾಧಾರಣವಾಗಿ ಸಸ್ಯಾಹಾರಿಯೇ. ಕೆಲವರು ಬಿಬಿಂಬಾಪಿಗೆಂದೇ ಅದಕ್ಕೆ ಬೀಫಿನ ಚೂರು ಹಾಕಿ ಹುರಿದಿಟ್ಟಿರುತ್ತಾರೆ, ಆದ್ದರಿಂದ ಸಾಸಿನ ಬಗ್ಗೆಯೂ ಕೇಳಿ. ಕೊನೆಗೆ ಎಳ್ಳೆಣ್ಣೆ ನಾಲ್ಕು ಹನಿ, ಹುರಿದ ಎಳ್ಳು. ಕೊಟ್ಟ ಹಾಗೆ ಮೂಲೆ ಮೂಲೆಯಿಂದ ತಿನ್ನಬೇಡಿ. ಚೆನ್ನಾಗಿ, ತಳದಿಂದ ಮೇಲಕ್ಕೆ, ಎಲ್ಲಾ ಕೆಂಪಾಗುವವರೆಗೆ ಕಲಸಬೇಕು. ಆಫೀಸಿನ ಅಮೆರಿಕನ್ನರು ಫೋರ್ಕಿನ ತುದಿಯಿಂದ ತಿವಿಯುತ್ತಾ ಕೂರುತ್ತಾರೆ. ಅನ್ನ ಕಲಸುವುದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ, ನೀವೇ ಅವರಿಗೆ ಹೇಳಿಕೊಡಿ. ಊಟದ ಮೇಜಿನಲ್ಲಿ ಗೊತ್ತಿದ್ದವರಾಗಿ ಮಾತಾಡುವ ಅವಕಾಶ ಹೊಸಬರಿಗೆ ಸುಲಭಕ್ಕೆ ಸಿಗುವುದಲ್ಲ, ಕಳೆದುಕೊಳ್ಳಬೇಡಿ.

ಎಲೆಕೋಸಿನ ಕಿಮ್ಚಿಯನ್ನು ನೋಡಿ ಉಪ್ಪಿನಕಾಯಿಯೇ ತಾನೇ ಎಂದು ಬಾಯಿಗೆ ಹಾಕಿಕೊಳ್ಳುವ ಸಸ್ಯಾಹಾರಿಗಳು ಬಹಳ. ಸಂಪ್ರದಾಯದ ಕಿಮ್ಚಿಯಲ್ಲಿ ಮೀನಿನ ಸಾಸು ಅಥವಾ ಉಪ್ಪಿನಲ್ಲಿ ಕೊಳೆಹಾಕಿದ ಸಣ್ಣ ಸಿಗಡಿ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅವಿಲ್ಲದ ಕಿಮ್ಚಿಯನ್ನೂ ಮಾಡುತ್ತಾರೆ, ಕೇಳಿ ತಿನ್ನಿ. ದ್ವೆನ್‌ಜಾಂಗ್ ಎಂಬ ಹುದುಗಿಸಿದ ಸೋಯಾ ಮುದ್ದೆಯ ಸಾರಿಗೆ ಸಾಮಾನ್ಯವಾಗಿ ಆಂಚೊವಿ, ಕಡಲಪಾಚಿ ಕುದಿಸಿದ ನೀರೇ ಆಧಾರ. ಸುಂದುಬು ಎಂಬ ಮೆತ್ತನೆಯ ತೋಫುವಿನ ಸಾರು ಹೆಸರಿಗೆ ತೋಫು, ಒಳಗೆ ಚಿಪ್ಪುಮೀನೋ ಹಂದಿಯೋ ಬಂದಿರುತ್ತದೆ. ಗೆಣಸಿನ ಹಿಟ್ಟಿನ ಶಾವಿಗೆಯಿಂದ ಮಾಡುವ ಜಾಪ್‌ಚೆಗೆ ಬೀಫು ಬೆರೆಸುವುದು ವಾಡಿಕೆ. ಅದಿಲ್ಲದೆ ಮಾಡಿಸಿದರೆ ಸೋಯಾ ಸಾಸು, ಎಳ್ಳೆಣ್ಣೆಯಲ್ಲಿ ಬಲು ರುಚಿ. ಅಕ್ಕಿ ಹಿಟ್ಟಿನ ಕಡುಬಿನಂಥ ತೊಕ್‌ಬೊಕ್ಕಿಯಲ್ಲಿ ಮೀನಿನ ಹಪ್ಪಳದಂಥ ಚೂರುಗಳು, ಕಡಲಪಾಚಿಯಲ್ಲಿ ಸುತ್ತಿದ ಅನ್ನದ ಸುರುಳಿಯಾದ ಕಿಂಬಾಪಿನಲ್ಲಿ ಹ್ಯಾಮ್, ಮೊಟ್ಟೆ, ಏಡಿಯ ಹೆಸರಿನ ಮೀನಿನ ಕಡ್ಡಿ. ಮಾಂಸಾಹಾರಿಗಳಿಗೆ: ಬುಲ್ಗೋಗಿ ಎಂದಷ್ಟೇ ಬರೆದಿದ್ದರೆ ಬೀಫು, ಜೆಯುಕ್ ಎಂದರೆ ಹಂದಿ, ದಾಕ್ ಎಂದು ಶುರುವಾದರೆ ಕೋಳಿ. ಬುದ್ಧ ವಿಹಾರಗಳ ಅಡುಗೆ ಎಂಬುದೊಂದು ಕೊರಿಯಾದಲ್ಲಿದೆ, ಮಾಂಸ ಮೀನಿನ ಜೊತೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟದ್ದು. ಡೆಲಿಯಲ್ಲಿ ಅದು ಸಿಗದು, ಆದರೆ ನಿಮ್ಮ ನೇಮ ವಯಸ್ಸಾದ ಕೊರಿಯನ್ನರಿಗೆ ಪೂರ್ತಿ ಅಪರಿಚಿತವಲ್ಲ ಎಂದು ತಿಳಿದಿರಲಿ.

'ಐ ಆ್ಯಮ್ ವೆಜಿಟೇರಿಯನ್' ಎಂದು ಹೇಳಿ ಕೈಕಟ್ಟಿ ನಿಂತರೆ ಸಾಲದು. ಮಾಂಸ ಬೇಡ ಎಂದರೆ ಮೇಲಿನ ಬೀಫನ್ನು ತೆಗೆದುಕೊಡುತ್ತಾರೆ, ಸಾರಿನೊಳಗಿನ ಮೀನು ಅವರ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಮೀನನ್ನು ಮಾಂಸದ ಜೊತೆ ಎಣಿಸುವುದಿಲ್ಲವಲ್ಲ, ಹಾಗೆ. ಒಂದೊಂದೇ ಹೆಸರು ಹಿಡಿದು ಹೇಳಿ: ಬೀಫು ಬೇಡ, ಹಂದಿ ಬೇಡ, ಕೋಳಿ ಬೇಡ, ಮೀನು ಬೇಡ, ಸಿಗಡಿ ಬೇಡ, ಮೊಟ್ಟೆ ಬೇಡ. ಕೊರಿಯನ್ನಿನಲ್ಲಿ 'ಗೋಗಿ ಪ್ಪೇ ಜುಸೇಯೊ' ಎಂದರೆ ಮಾಂಸ ತೆಗೆದುಕೊಡಿ ಎಂದು. ಹೇಳಿದರೆ ಮುಖ ಅರಳುತ್ತದೆ, ಆದರೆ ಅದರ ಹಿಂದೆಯೇ ಮೀನಿನ ಮಾತನ್ನೂ ಸೇರಿಸಿ. ಮಕ್ಕಳಿಗೋ ನಿಮಗೋ ಎಳ್ಳಿನ ಅಲರ್ಜಿ ಇದ್ದರೆ ಈ ಮೂಲೆ ನಿಮಗಲ್ಲ. ಪ್ಯಾಕೆಟ್ಟಿನ ತಿನಿಸುಗಳ ಮೇಲೆ ಎಳ್ಳನ್ನು ಅಲರ್ಜಿಯ ಪದಾರ್ಥವಾಗಿ ನಮೂದಿಸುವುದು 2023ರ ಜನವರಿಯಿಂದ ಕಡ್ಡಾಯವಾಗಿದೆ, ಕೌಂಟರಿನಲ್ಲಿ ಕಲಸಿ ಕೊಡುವ ಬಟ್ಟಲಿನ ಮೇಲೆ ಚೀಟಿ ಇರುವುದಿಲ್ಲ.

ಊರಿನಲ್ಲಿ ನಮ್ಮನ್ನು ಇಷ್ಟೆಲ್ಲ ಯಾರು ಕೇಳುತ್ತಿದ್ದರು? ಮನೆಯಲ್ಲಿ ಅಮ್ಮನಿಗೆ ಗೊತ್ತಿರುತ್ತಿತ್ತು, ಅತ್ತೆಗೆ ಗೊತ್ತಿರುತ್ತಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವರಿಗೆ ಯಾವ ಸಾಲಿನಲ್ಲಿ ಯಾರು ಕೂತಿದ್ದಾರೆಂದು ಗೊತ್ತಿರುತ್ತಿತ್ತು. ಶನಿವಾರ ಒಪ್ಪತ್ತು ಎಂದರೆ ಬೀದಿಯ ಕೊನೆಯ ಹೋಟೆಲಿನವರಿಗೂ ಗೊತ್ತು. ನಾವು ಯಾರು, ಏನು ತಿನ್ನುತ್ತೇವೆ ಎಂದು ಬಿಡಿಸಿ ಹೇಳುವ ಅಗತ್ಯವೇ ಬೀಳದ ಆ ಬದುಕನ್ನು ನಾವು ವಿಮಾನ ಹತ್ತಿದ ದಿನವೇ ಬಿಟ್ಟುಬಂದೆವು. ಅದು ದೊಡ್ಡ ನಷ್ಟ, ಸಣ್ಣದೆಂದು ನಾನು ಹೇಳಲಾರೆ. ಇಲ್ಲಿ ಎಲ್ಲವನ್ನೂ ಬಾಯಿಬಿಟ್ಟು, ಪ್ರತಿದಿನ, ಅಪರಿಚಿತರ ಮುಂದೆ ಹೇಳಬೇಕು. ಹೇಳುತ್ತಾ ಹೇಳುತ್ತಾ ಒಂದು ದಿನ ಗುರುತು ಹತ್ತುತ್ತದೆ. ನಮ್ಮ ಆಫೀಸಿನ ಕೆಳಗಿನ ಡೆಲಿಯ ಯಜಮಾನಿ ಈಗ ನನ್ನನ್ನು ದೂರದಿಂದ ಕಂಡರೆ ಸಾಕು, ಅಡುಗೆಯವನಿಗೆ ಕೊರಿಯನ್ನಿನಲ್ಲಿ ಏನೋ ಕೂಗುತ್ತಾರೆ. ಅವನು ಮೊಟ್ಟೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಬೇರೆ ಬಾಣಲೆ ಇಡುತ್ತಾನೆ. ಕಾಯಿಲೆಯಾಗಿ ಎರಡು ವಾರ ಹೋಗದಿದ್ದಾಗ, ಎಲ್ಲಿ ಹೋಗಿದ್ದೆ ಎಂದು ಬೈದ ಹಾಗೆಯೇ ಕೇಳಿದರು. ಈ ಊರಿನಲ್ಲಿ ನನ್ನ ಹೊಟ್ಟೆಯ ವಿಷಯ ಗೊತ್ತಿರುವವರು ಮನೆಯ ಹೊರಗೂ ಒಬ್ಬರಿದ್ದಾರೆ ಎಂದು ಅವತ್ತು ಅನಿಸಿತು. ಗುರುತು ಹತ್ತಬೇಕಾದರೆ ದಿನಕ್ಕೊಂದು ಅಂಗಡಿ ಸುತ್ತಬೇಡಿ. ಒಂದನ್ನು ಆರಿಸಿ, ಅಲ್ಲಿಗೇ ಹೋಗಿ.

ಆ ಗಲ್ಲಾದ ಹಿಂದೆ ಇರುವವರು ಯಾರು ಎಂದು ತಿಳಿದರೆ ಹೋಗುವ ಮನಸ್ಸು ಇನ್ನೂ ಹೆಚ್ಚಾಗುತ್ತದೆ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿ, ದೇಶಾನುಸಾರ ಕೋಟಾ ತೆಗೆದುಹಾಕಿತು. ನಮ್ಮ ಮೊದಲ ತಲೆಮಾರಿನ ಡಾಕ್ಟರುಗಳು, ಎಂಜಿನಿಯರುಗಳು ಬಂದದ್ದು ಆ ಬಾಗಿಲಿನಿಂದ. ಕೊರಿಯಾದವರು ಬಂದದ್ದೂ ಅದೇ ಬಾಗಿಲಿನಿಂದ. ಅವರಲ್ಲೂ ಕಾಲೇಜು ಓದಿದವರು ಬಹಳ ಇದ್ದರು. ನಮಗೆ ಇಂಗ್ಲಿಷ್ ಇತ್ತು, ಆಸ್ಪತ್ರೆ ಕಂಪನಿಗಳಿಗೆ ಸೇರಿಕೊಂಡೆವು. ಅವರಿಗೆ ಆ ಭಾಷೆ ಕೈಕೊಟ್ಟಿತು, ಓದಿದ ಓದಿಗೆ ಇಲ್ಲಿ ಬೆಲೆ ಸಿಗಲಿಲ್ಲ. ಎಪ್ಪತ್ತು ಎಂಬತ್ತರ ದಶಕದಲ್ಲಿ ನ್ಯೂಯಾರ್ಕಿನ ಮೂಲೆ ಮೂಲೆಯ ಹಣ್ಣು ತರಕಾರಿ ಅಂಗಡಿಗಳು ಒಂದೊಂದಾಗಿ ಕೊರಿಯನ್ನರ ಕೈಗೆ ಬಂದವು. ಬ್ಯಾಂಕು ಸಾಲ ಕೊಡದಿದ್ದಾಗ 'ಕ್ಯೆ' ಎಂಬ ಗುಂಪು ಕಟ್ಟಿಕೊಂಡು, ತಿಂಗಳಿಗಿಷ್ಟು ಎಂದು ಎಲ್ಲರೂ ಹಾಕಿ, ಸರದಿಯಂತೆ ಒಬ್ಬೊಬ್ಬರೇ ಇಡುಗಂಟು ಎತ್ತಿಕೊಂಡು ಬಂಡವಾಳ ಮಾಡಿದರು. ನಮ್ಮ ಬೀದಿಗಳಲ್ಲಿ ಹೆಂಗಸರು ನಡೆಸುವ ಚೀಟಿ ಇದೆಯಲ್ಲ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಡುರಾತ್ರಿ ಎದ್ದು ಬ್ರಾಂಕ್ಸಿನ ಹಂಟ್ಸ್ ಪಾಯಿಂಟ್ ಸಗಟು ಮಾರುಕಟ್ಟೆಗೆ ಹೋಗಿ ತರಕಾರಿ ಹೇರಿಕೊಂಡು ಬಂದು, ಬೆಳಿಗ್ಗೆ ಅಂಗಡಿ ತೆರೆದು, ಮತ್ತೆ ರಾತ್ರಿಯವರೆಗೆ ನಿಂತೇ ಇರುವುದು. ಹೆಚ್ಚಿದ ತರಕಾರಿಯನ್ನು ತೂಕಕ್ಕೆ ಮಾರುವ ಸಲಾಡ್ ಬಾರ್ ಆಫೀಸು ಜನರ ಮಧ್ಯೆ ಹಬ್ಬಿದ್ದು ಇವರ ಅಂಗಡಿಗಳಿಂದ. ಕೊನೆಕೊನೆಗೆ ತಾವು ಹಿಂದಿನ ಕೋಣೆಯಲ್ಲಿ ತಿನ್ನುತ್ತಿದ್ದ ಊಟವನ್ನೇ ಮುಂದಿನ ಕೌಂಟರಿಗೂ ತಂದರು.

ಇವರ ಕಥೆಯಲ್ಲಿ ಕಹಿಯೂ ಇದೆ. ಕೂಲಿಗೆ ನಿಂತ ಮೆಕ್ಸಿಕನ್ ಹುಡುಗರಿಗೆ ಕನಿಷ್ಠ ವೇತನ ಕೊಡದ ಅಂಗಡಿಗಳ ಮೇಲೆ ದೂರುಗಳೆದ್ದು, 2002ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಹಣ್ಣು ತರಕಾರಿ ಅಂಗಡಿಗಳಿಗೆ ನಡವಳಿಕೆಯ ಸಂಹಿತೆಯನ್ನೇ ರೂಪಿಸಬೇಕಾಯಿತು. ಕಷ್ಟಪಟ್ಟು ಮೇಲೆ ಬಂದವರ ಕೈಯಲ್ಲೇ ಇನ್ನೊಬ್ಬ ಕಷ್ಟದವನಿಗೆ ಅನ್ಯಾಯವಾಗುವುದು ನಮ್ಮಲ್ಲೂ ಇರುವುದೇ. ಸ್ಯಾಂಡ್‌ವಿಚ್ ಕಟ್ಟುವ ಹುಡುಗನನ್ನೂ ಮಾತಾಡಿಸಿ. ಗಲ್ಲಾದವರಿಗೆ ಮಾತ್ರ ನಮಸ್ಕಾರ, ಅವನಿಗೆ ಬೆರಳು ತೋರಿಸಿ ಆಜ್ಞೆ ಎಂಬ ನಮ್ಮೂರಿನ ಅಭ್ಯಾಸವನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಿತ್ತು, ಬಹಳ ಜನ ಬಿಟ್ಟು ಬರುವುದಿಲ್ಲ.

ಆ ಅಪ್ಪ ಅಮ್ಮಂದಿರು ಹಾಗೆ ನಿಂತದ್ದು ಮಕ್ಕಳು ಅಲ್ಲಿ ನಿಲ್ಲದಿರಲಿ ಎಂದು. ಮಕ್ಕಳು ಓದಿದರು, ವಕೀಲರಾದರು, ಡಾಕ್ಟರಾದರು, ಬ್ಯಾಂಕು ಸೇರಿದರು. ಅಂಗಡಿ ನಡೆಸಲು ಯಾರೂ ಉಳಿಯಲಿಲ್ಲ. ಬಾಡಿಗೆ ಏರಿತು, ಆಮೇಲೆ 2020ರಲ್ಲಿ ಆಫೀಸುಗಳು ಖಾಲಿಯಾದವು, ಎಷ್ಟೋ ಡೆಲಿಗಳು ಬಾಗಿಲು ಹಾಕಿ ಮತ್ತೆ ತೆಗೆಯಲಿಲ್ಲ. ನಮ್ಮ ಕೆಳಗಿನ ಯಜಮಾನಿಯ ಮಗಳು ಒಂದು ಸಲ ಗಲ್ಲಾದ ಹತ್ತಿರ ನಿಂತಿದ್ದಳು. ತಾಯಿ ಕೊರಿಯನ್ನಿನಲ್ಲಿ ಕೇಳುತ್ತಿದ್ದರು, ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ನಮ್ಮ ಮನೆಯ ಅಡುಗೆಕಟ್ಟೆಯ ಮುಂದೆ ದಿನಾ ನಡೆಯುವುದೂ ಅದೇ: ನಾನು ಕನ್ನಡದಲ್ಲಿ, ನನ್ನ ಮಗಳು ಇಂಗ್ಲಿಷಿನಲ್ಲಿ. ಇಬ್ಬರಿಗೂ ಅರ್ಥವಾಗುತ್ತದೆ, ಆದರೂ ನನಗೆ ಪ್ರತಿ ಸಲ ಎದೆಯಲ್ಲಿ ಏನೋ ಚುಚ್ಚುತ್ತದೆ.

ಕೊರಿಯನ್ನರು ಇದಕ್ಕೆ ಮಾಡಿಕೊಂಡ ಏರ್ಪಾಡನ್ನು ನೋಡಿ ಕಲಿಯುವುದಿದೆ. ಅವರ ಚರ್ಚುಗಳಲ್ಲಿ ಮಕ್ಕಳಿಗೆ ಭಾಷೆ ಕಲಿಸುವ ವಾರಾಂತ್ಯದ ಶಾಲೆಗಳಿವೆ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕೆಳಗಿನ ಹಾಲಿನಲ್ಲಿ ಎಲ್ಲರೂ ಕೂತು ಅನ್ನ ಸಾರು ಕಿಮ್ಚಿ ಉಣ್ಣುತ್ತಾರೆ. ಪಾಠಕ್ಕೆ ಬರಲು ಹಟ ಮಾಡುವ ಮಕ್ಕಳು ಊಟಕ್ಕೆ ಬರುತ್ತಾರೆ, ಊಟದ ಜೊತೆ ಅಜ್ಜಿಯರ ಬಾಯಿಂದ ಭಾಷೆ ಕಿವಿಗೆ ಬೀಳುತ್ತದೆ. ನಮ್ಮ ಕನ್ನಡ ಕೂಟಗಳಲ್ಲಿ ಯುಗಾದಿಗೆ, ರಾಜ್ಯೋತ್ಸವಕ್ಕೆ ಭರ್ಜರಿ ಊಟ ಹಾಕಿಸುತ್ತೇವೆ, ಆದರೆ ದೊಡ್ಡವರು ಒಂದು ಮೇಜು, ಮಕ್ಕಳು ಪೀಟ್ಸಾ ಇಟ್ಟ ಇನ್ನೊಂದು ಮೇಜು. ಆ ಪೀಟ್ಸಾದ ಮೇಜನ್ನು ತೆಗೆಯಿರಿ ಎಂದು ನಾನು ಎಷ್ಟೋ ವರ್ಷದಿಂದ ಹೇಳುತ್ತಿದ್ದೇನೆ. ಹೊಸದಾಗಿ ಬಂದ ನೀವೂ ದನಿ ಸೇರಿಸಿ. ಕನ್ನಡ ಶಾಲೆಗೆ ಮಕ್ಕಳನ್ನು ಸೇರಿಸುವುದನ್ನು ಮುಂದಿನ ವರ್ಷ, ಮುಂದಿನ ವರ್ಷ ಎಂದು ಎಳೆಯಬೇಡಿ. ಐದು ವರ್ಷದೊಳಗೆ ತಿರುಗಿದ ನಾಲಿಗೆ ಹನ್ನೊಂದಕ್ಕೆ ತಿರುಗುವುದಿಲ್ಲ.

ಮಕ್ಕಳ ಊಟದ ಡಬ್ಬಿಯ ಬಗ್ಗೆ ಭಯ ಇಟ್ಟುಕೊಳ್ಳಬೇಡಿ. ಒಂದು ಕಾಲದಲ್ಲಿ ಕಿಂಬಾಪ್ ತೆಗೆದುಕೊಂಡು ಹೋದ ಕೊರಿಯನ್ ಮಕ್ಕಳು ಶಾಲೆಯಲ್ಲಿ ಡಬ್ಬಿಯ ಮುಚ್ಚಳ ತೆರೆಯಲು ನಾಚಿಕೊಳ್ಳುತ್ತಿದ್ದರು. 2023ರಲ್ಲಿ ಟ್ರೇಡರ್ ಜೋಸ್ ಅಂಗಡಿಗಳಲ್ಲಿ ಫ್ರೋಜನ್ ಕಿಂಬಾಪ್ ಇಟ್ಟಾಗ ದೇಶದ ತುಂಬ ಜನ ಮುಗಿಬಿದ್ದು ಕೊಂಡು, ತಿಂಗಳುಗಟ್ಟಲೆ ಸ್ಟಾಕೇ ಇರಲಿಲ್ಲ. (ಅದು ತೋಫು ತರಕಾರಿಯದ್ದು, ನಾವೂ ತಿನ್ನಬಹುದು.) ನಮ್ಮ ಪುಳಿಯೋಗರೆಗೂ ಆ ದಿನ ಬಂದೀತು, ಅಲ್ಲಿಯವರೆಗೆ ಮಕ್ಕಳು ಅದನ್ನು ಮರೆಯದ ಹಾಗೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ನನ್ನ ಮಗಳು ಮೊಸರನ್ನಕ್ಕೆ ಗಿಮ್ ನೆಂಚಿಕೊಳ್ಳುತ್ತಾಳೆ, ಎಳ್ಳೆಣ್ಣೆ ಸವರಿ ಸುಟ್ಟ ಕಡಲಪಾಚಿಯ ತೆಳು ಹಾಳೆ ಅದು. ಮೊದಲ ಸಲ ನೋಡಿದಾಗ ನಮ್ಮ ಅತ್ತೆ ಗಾಬರಿಯಾದರು. ಈಗ ಊರಿಗೆ ಹೊರಡುವಾಗ ಎರಡು ಪ್ಯಾಕೆಟ್ಟು ಸೂಟ್‌ಕೇಸಿಗೆ ಹಾಕಿಕೊಳ್ಳುತ್ತಾರೆ.

ಅಪ್ಪ ಅಮ್ಮ ನೋಡಲು ಬಂದಾಗ ಅವರನ್ನು ಆಫೀಸಿನ ಡೆಲಿಗೆ ಕರೆದುಕೊಂಡು ಹೋಗಬೇಕೆಂದಿದ್ದರೆ ವಾರದ ನಡುವೆ, ಹನ್ನೆರಡಕ್ಕೆ ಮೊದಲು ಅಥವಾ ಎರಡು ಗಂಟೆಯ ಮೇಲೆ ಹೋಗಿ. ಹನ್ನೆರಡೂವರೆಯ ಗದ್ದಲದಲ್ಲಿ ವಯಸ್ಸಾದವರಿಗೆ ಕೂರಲು ಜಾಗ ಸಿಗದು. ಶನಿವಾರ ಭಾನುವಾರ ಆಫೀಸು ಬೀದಿಗಳ ಅನೇಕ ಡೆಲಿಗಳು ತೆರೆಯುವುದೇ ಇಲ್ಲ. ಅವತ್ತು ಜರ್ಸಿ ಸಿಟಿಯಿಂದ ಪಾತ್ ರೈಲು ಹತ್ತಿ ಕೊನೆಯ ನಿಲ್ದಾಣವಾದ 33ನೇ ಬೀದಿಯಲ್ಲಿ ಇಳಿದರೆ, ಪಕ್ಕದ 32ನೇ ಬೀದಿಯಲ್ಲಿ ಬ್ರಾಡ್‌ವೇ ಮತ್ತು ಫಿಫ್ತ್ ಅವೆನ್ಯೂ ನಡುವೆ ಕೊರಿಯಾಟೌನ್ ಇದೆ. ಫಿಫ್ತ್ ದಾಟಿ ಪೂರ್ವಕ್ಕೆ ನಡೆದರೆ ಹಂಗಾವಿ ಎಂಬ ಪೂರ್ತಿ ಸಸ್ಯಾಹಾರಿ ಕೊರಿಯನ್ ಹೋಟೆಲು, ಚಪ್ಪಲಿ ಬಿಟ್ಟು ಒಳಗೆ ಹೋಗುವುದು, ತಗ್ಗು ಮೇಜು. ಬೆಲೆ ಡೆಲಿಯಂತಲ್ಲ, ಮೊದಲೇ ಬುಕ್ ಮಾಡಿ. ಅಲ್ಲಿ ಅಮ್ಮ ಪ್ರತಿ ಬಟ್ಟಲಿಗೂ ಏನಿದೆ ಏನಿದೆ ಎಂದು ಕೇಳಬೇಕಾಗಿಲ್ಲ. ಮಂಡಿನೋವಿದ್ದ ಅಪ್ಪನಿಗೆ ಕಾಲು ಇಳಿಬಿಡಲು ಮೇಜಿನ ಕೆಳಗೆ ಜಾಗ ಇರುವ ಸೀಟು ಬೇಕು ಎಂದು ಬುಕ್ ಮಾಡುವಾಗಲೇ ಹೇಳಿ.